ನನ್ನ ಒಂದು ‘ಹೂಂ’

ಮಕ್ಕಳೇ, ದೇವರ ಹಿಪ್ಪರಗಿ ಬಸ್ ನಿಲ್ದಾಣದಲ್ಲಿ ಸಿಂದಗಿ ಬಸ್ಸಿಗೆ ಕಾಯುತ್ತಿದ್ದಾಗ ಟಿ.ವಿ.ಯವನೊಬ್ಬ ನನ್ನ ಮುಂದೆ ಮೈಕು ಹಿಡಿದ.

“ಅಮ್ಮಾರ, ಮಂತ್ರಿ ಸಾಹೇಬ್ರು ಹಳ್ಳಿ ಹಳ್ಳಿಗೆ ನಳದ ನೀರು ಕೊಟ್ಟಾರ. ಎಲ್ಲಾರಿಗೂ ಖುಷಿ ಆಗೇತಿ, ಹೌದಲ್ರಿ?”

ಯಾರೇ ಮಾತಾಡಿದರೂ, ಕೇಳುತ್ತಿದ್ದೇನೆ ಎಂದು ತಿಳಿಸಲು ಹೂಂಗುಟ್ಟುವುದು ನನ್ನ ರೂಢಿ. ನಾಚಿಕೆಯಿಂದ ಸೆರಗು ಸರಿಮಾಡಿಕೊಳ್ಳುತ್ತ “ಹೂಂ” ಎಂದುಬಿಟ್ಟೆ.

ಪಕ್ಕದಲ್ಲಿ ಸಂತೆಯಿಂದ ತಂದ ಹೊಸ ಕೊಡ ಹಿಡಿದು ಕುಳಿತಿದ್ದ ಹೆಂಗಸು, “ನಮ್ಮ ನಳಕ್ಕ ಹನಿ ನೀರು ಬಂದಿಲ್ಲೋ ತಮ್ಮಾ. ದಿನಾ ಹೊಲದ ಬಾವಿಯಿಂದ ಹೊರಾಕತ್ತೇವಿ. ಅದನ್ನೂ ತೋರ್ಸು,” ಎಂದಳು.

“ಒಬ್ಬರು ಹೇಳಿದ್ದು ಸಾಕ ಬಿಡಬೇ,” ಎನ್ನುತ್ತ ಅವನು, ಮಂತ್ರಿಗಳ ಫೋಟೋ ಅಂಟಿಸಿದ್ದ ದೊಡ್ಡ ಕಾರು ಹತ್ತಿ ಹೋದ.

ಆಕೆ ನನ್ನ ಕಡೆ ತಿರುಗಿದಳು. “ಎಷ್ಟು ಬೇಡಿದ್ರೂ ಬರದ ನೀರು ನಿಮ್ಮ ಒಂದು ಹೂಂನಾಗ ಬಂತು ನೋಡ್ರಿ, ಅಕ್ಕಾರ!”

ಅದಕ್ಕೂ ನಾನು “ಹೂಂ” ಎಂದೆ.