ಒಲೆಗೆ ಬಿದ್ದ ಹುಲಿಯುಗುರು

ಬೊಮ್ಮಸಂದ್ರದ ಸುತ್ತಲ ಹೊಲಗಳಿಗೆ ಸರ್ಕಾರದವರು ಕಲ್ಲು ನೆಟ್ಟು ಕಾರ್ಖಾನೆಗಳಿಗೆ ಕೊಟ್ಟಾಗ ಚಿಕ್ಕಬೈರಪ್ಪನ ರಾಗಿ ಹೊಲವೂ ಹೋಯಿತು. ಮನೆಗೊಂದು ಕೆಲಸ ಕೊಡುತ್ತೇವೆ ಅಂದಿದ್ದವರು ಇವನ ನರೆತ ತಲೆ ನೋಡಿ ಗೇಟಿನಿಂದಲೇ ವಾಪಸ್ ಕಳಿಸಿದರು. ಕೊನೆಗೆ ಸಿಕ್ಕಿದ್ದು ಬನ್ನೇರುಘಟ್ಟದ ಮೃಗಾಲಯದಲ್ಲಿ ಹುಲಿ ಬೋನು ತೊಳೆಯುವ ಕೆಲಸ. ದನ ಕಾಯ್ದವನಿಗೆ ಹುಲಿ ಕಾಯೋದೇನು ದೊಡ್ಡದಲ್ಲ, ಎರಡರದ್ದೂ ಹಿಂದೆ ನಿಂತು ಬಾಚೋದೇ ಅಲ್ಲವಾ ಅನ್ನುತ್ತಿದ್ದ.

ಅವನ ಪಾಲಿಗೆ ಬಂದದ್ದು ಗೌರಿ ಎಂಬ ಹೆಣ್ಣು ಹುಲಿ. ಸರ್ಕಸ್ಸಿನಲ್ಲಿ ಹುಟ್ಟಿದ್ದು, ಕಾಡು ಕಂಡದ್ದಲ್ಲ. ಒಮ್ಮೆ ದಾರಿತಪ್ಪಿದ ಕೋಳಿಯೊಂದು ಬೋನಿಗೆ ನುಗ್ಗಿದಾಗ ಅದು ಮೂಲೆಗೆ ಹೋಗಿ ಮುದುಡಿ ಕೂತಿತ್ತು. ಇದನ್ನು ಕಾಡಿಗೆ ಬಿಟ್ಟರೆ ಮೂರು ದಿನ ಬದುಕದು ಎಂದು ಚಿಕ್ಕಬೈರಪ್ಪನಿಗೆ ಅವತ್ತೇ ಗೊತ್ತಾಯಿತು. ಕಾಡು ಸುತ್ತುವ ವಾಚರುಗಳು ಬೀಡಿ ಸೇದಲು ಬಂದಾಗ ಹೇಳುತ್ತಿದ್ದರು: ತಳಿ ಊರಿನ ಕಡೆಯ ಕಾಡಲ್ಲಿ ನಾಲ್ಕು ಹುಲಿಯ ಹೆಜ್ಜೆ ಕಾಣುತ್ತಿದ್ದ ಹಳ್ಳದಲ್ಲಿ ಈಗ ಒಂದರದ್ದು ಕಂಡರೆ ಹೆಚ್ಚು. ಬೋನಿನೊಳಗೆ ಮರಿ ಹಾಕುತ್ತಲೇ ಇದ್ದವು, ಹೊರಗೆ ಕರಗುತ್ತಲೇ ಇದ್ದವು. ಒಳಗಿನದು ಹೊರಗಿನದಕ್ಕೆ ಬದಲಾಗುವಂತಿರಲಿಲ್ಲ.

ಗೌರಿ ಮರದ ದಿಮ್ಮಿ ಪರಚಿದಾಗ ಉಗುರಿನ ಮೇಲಿನ ಪೊರೆ ಈರುಳ್ಳಿ ಸಿಪ್ಪೆಯ ಹಾಗೆ ಕಳಚಿ ಬೀಳುತ್ತಿತ್ತು. ಅದನ್ನು ಆಫೀಸಿಗೆ ಒಪ್ಪಿಸಬೇಕೆಂಬ ಕಟ್ಟಳೆ. ಒಪ್ಪಿಸುತ್ತಿದ್ದ. ಒಂದೇ ಒಂದು ಸಲ ಕುತೂಹಲಕ್ಕೆ ಒಂದು ಚೂರನ್ನು ಕೆಂಡಕ್ಕೆ ಹಾಕಿದ್ದ. ಎತ್ತಿನ ಕೊಂಬು ಹೆರೆದ ಚೂರು ಒಲೆಗೆ ಬಿದ್ದರೆ ಏಳುವ ಕಮಟು ವಾಸನೆಯೇ ಎದ್ದಿತು. ಹುಲಿಯೂ ಎತ್ತೂ ಬೆಂಕಿಗೆ ಒಂದೇ ಎಂದು ನಕ್ಕು ಸುಮ್ಮನಾಗಿದ್ದ.

ಊರಲ್ಲಿ ಅವನಿಗೆ ಇನ್ನೊಂದು ಕೆಲಸವೂ ಅಂಟಿಕೊಂಡಿತು. ಮಗು ಬೆಚ್ಚಿಬೀಳದಿರಲಿ ಎಂದು ಕೊರಳಿಗೆ ಹುಲಿಯುಗುರು ಕಟ್ಟುವ ಮನೆಗಳಲ್ಲಿ, ಕೊಂಡ ಉಗುರನ್ನು ಮೊದಲು ಚಿಕ್ಕಬೈರಪ್ಪನಿಗೆ ತೋರಿಸುತ್ತಿದ್ದರು. ಎಂಟು ವರ್ಷದಲ್ಲಿ ಬಂದದ್ದೆಲ್ಲ ಕೊಂಬಿನಲ್ಲಿ ಕೊರೆದದ್ದು. ಕೊಂಬು ಅನ್ನುತ್ತಿದ್ದ, ಅವರು ಹೋಗಿ ಮಾರಿದವನ ಕುತ್ತಿಗೆಪಟ್ಟಿ ಹಿಡಿಯುತ್ತಿದ್ದರು.

ಎಂಬತ್ತಮೂರನೇ ಇಸವಿಯಲ್ಲಿ ಅವನ ಮಗಳು ಈಶ್ವರಮ್ಮ ಬಾಣಂತನಕ್ಕೆ ಬಂದಳು. ಕಾಡುಗೋಡಿಯ ಬೀಗರು ವೆಂಕಟರಮಣಪ್ಪ, ಮೊಮ್ಮಗನ ತೊಟ್ಟಿಲು ಶಾಸ್ತ್ರಕ್ಕೆ ಹುಲಿಯುಗುರು ತಾಯಿಯ ತವರಿಂದಲೇ ಬರಬೇಕು ಎಂದು ಹೇಳಿಕಳಿಸಿದರು. ಉಗುರಿಲ್ಲದೆ ಶಾಸ್ತ್ರವಿಲ್ಲ, ಶಾಸ್ತ್ರವಾಗದೆ ಸೊಸೆಯನ್ನು ಕರೆಸಿಕೊಳ್ಳುವುದಿಲ್ಲ. ಚಿಕ್ಕಬೈರಪ್ಪ ಆಗಲ್ಲ ಅಂದ. ಹುಲಿ ಮನೆಯಲ್ಲಿ ಕೂಲಿ ಮಾಡುವವನಿಗೆ ಒಂದು ಉಗುರಿಗೂ ಗತಿಯಿಲ್ಲವೇ ಎಂದು ಬೀಗರು ಊರೆಲ್ಲ ಆಡಿಕೊಂಡರು.

ಒಂದು ಭಾನುವಾರ ಬೆಳಿಗ್ಗೆ ಅವರೇ ಇಬ್ಬರು ಹಿರಿಯರ ಜೊತೆ ಬಂದಿಳಿದರು. ಜಗಲಿ ಮೇಲೆ ಕೂತು ಕಾಗದದ ಪೊಟ್ಟಣ ಬಿಚ್ಚಿದರು. ಒಳಗೆ ಒಂದು ಉಗುರು.

"ನೋಡಿ ಬೀಗ್ರೆ, ನಿಮ್ ಕೈಲಾಗ್ದಿದ್ದು ನಾನ್ ತಂದಿವ್ನಿ. ನೀವ್ ಊಂ ಅಂದ್ರೆ ಸಾಕು, ಮಿಕ್ಕಿದ್ ಅದಿನೇಳಕ್ಕೂ ನಮ್ಮೂರಲ್ಲೇ ಗಿರಾಕಿ ಅವ್ರೆ. ಮಾರೋನು ಇನ್ನೊಂದ್ ಉಲೀನೂ ನೋಡಿಕ್ಕಂಡವ್ನಂತೆ."

ಚಿಕ್ಕಬೈರಪ್ಪ ಕೈಗೆತ್ತಿಕೊಂಡ. ಬುಡಕ್ಕೆ ಒಣಗಿದ ಚರ್ಮ ಅಂಟಿತ್ತು, ಇನ್ನೂ ನಾತ ಹೋಗಿರಲಿಲ್ಲ. ಸಿಮೆಂಟ್ ನೆಲದ ಮೇಲೆ ಬದುಕುವ ಗೌರಿಯ ಉಗುರು ಸೀಳಿ ಮೊಂಡಾಗಿರುತ್ತಿತ್ತು. ಇದರ ಮೊನೆ ಸೂಜಿ. ಕಾಡಿನದು. ಒಂದು ಹುಲಿಗೆ ಹದಿನೆಂಟು ಉಗುರು. ಹದಿನೇಳು ಮನೆಯವರು ತನ್ನ ಬಾಯಿ ನೋಡುತ್ತ ಕೂತಿದ್ದಾರೆ. ಊಂ ಅಂದರೆ ಮಗಳು ನಾಳೆಯೇ ಗಂಡನ ಮನೆಗೆ. ಊಂ ಅಂದರೆ ಆ ಇನ್ನೊಂದು ಹುಲಿಯೂ ಹೋಯಿತು. ಬಾಗಿಲಲ್ಲಿ ಈಶ್ವರಮ್ಮ ಮಗು ಎತ್ತಿಕೊಂಡು ನಿಂತಿದ್ದಳು.

"ಕೊಂಬು ಬೀಗ್ರೆ," ಅಂದ.

"ಚರ್ಮ ಐತಲ್ರೀ."

"ಮೇಕೆ ಚರ್ಮ ಅಂಟ್ಸವ್ರೆ. ನಂಬ್ಕೆ ಇಲ್ದಿದ್ರೆ ಒಲೆಗಾಕಿ ಮೂಸಿ."

ಹಿತ್ತಿಲಲ್ಲಿ ಮಗುವಿನ ಸ್ನಾನಕ್ಕೆ ನೀರು ಕಾಯುತ್ತಿತ್ತು. ವೆಂಕಟರಮಣಪ್ಪ ಹಟಕ್ಕೆ ಬಿದ್ದು ಕೆಂಡದ ಮೇಲೆ ಉಗುರು ಎಸೆದರು. ಎಲ್ಲರೂ ಬಗ್ಗಿದರು. ಹುಟ್ಟಿದಾಗಿನಿಂದ ಎತ್ತು ಕಟ್ಟಿ ಬಾಳಿದ ಮೂಗುಗಳು. ಎರಡನೇ ಉಸಿರು ಬೇಕಾಗಲಿಲ್ಲ. ಹಿರಿಯರಲ್ಲೊಬ್ಬರು, "ಕೊಂಬೇ ಕಣಪ್ಪ, ಸುಮ್ನೆ ಬಾ," ಅಂದರು. ಚಿಕ್ಕಬೈರಪ್ಪ ಕೊಳ್ಳಿಯಿಂದ ಕೆಂಡ ಎಳೆದು ಅದರ ಮೇಲೆ ಮುಚ್ಚಿದ. ಬೀಗರು ಕಾಫಿಯನ್ನೂ ಮುಟ್ಟದೆ ಎದ್ದರು. ನಿಜವಾದ ಉಗುರು ಸಿಕ್ಕ ದಿನ ಸೊಸೆಯನ್ನು ಕರೆಸುತ್ತೇನೆ ಅಂದರು.

ಮಾರನೆಯ ದಿನ ಪಾತ್ರೆ ತಿಕ್ಕಲು ಬೂದಿ ತೆಗೆಯುವಾಗ ಈಶ್ವರಮ್ಮನ ಕೈಗೆ ಬೆಂದು ಬೆಳ್ಳಗಾದ ಒಂದು ಮೂಳೆ ಸಿಕ್ಕಿತು. ಬೆರಳ ತುದಿಯಷ್ಟು, ಕೊಕ್ಕೆಯ ಹಾಗೆ ಬಾಗಿದ್ದು. ಕೊಂಬಿನ ಚೂರು ಸುಟ್ಟರೆ ಮೂಳೆ ಉಳಿಯುವುದಿಲ್ಲ. ಅದನ್ನು ತಂದು ಅಪ್ಪನ ಮುಂದೆ ಇಟ್ಟಳು.

ಅವನು ಮುಚ್ಚಿಡಲಿಲ್ಲ. ಹದಿನೇಳರ ಲೆಕ್ಕ ಹೇಳಿದ. ಇನ್ನೊಂದು ಹುಲಿಯ ವಿಷಯವನ್ನೂ ಹೇಳಿದ.

"ಉಲಿ ಉಳಿಸ್ಕಂಡೆ," ಅಂದಳು ಅವಳು. "ನನ್ನ ತಂದು ಒಲೆಗಾಕ್ದೆ."

ಇಪ್ಪತ್ತು ದಿನ ಅವಳು ಅಪ್ಪನಿಗೆ ಮುದ್ದೆ ಬಡಿಸಿದಳು, ಮಾತು ಬಡಿಸಲಿಲ್ಲ. ಅಷ್ಟರಲ್ಲಿ ಸುದ್ದಿ ಬಂತು: ಆ ಹದಿನೇಳು ಮನೆಯವರೂ ಬೇಡವೆಂದರಂತೆ, ಮಾರುವವನು ಒದೆ ತಿಂದು ಆ ಕಡೆ ತಲೆ ಹಾಕುವುದನ್ನು ಬಿಟ್ಟನಂತೆ. ಅವನು ಬೇರೆ ಊರು ಹುಡುಕಿಕೊಂಡಿರಬಹುದು. ಒಂದು ಸುಳ್ಳಿನಿಂದ ಕಾಡು ಉಳಿದೀತೆಂದು ಚಿಕ್ಕಬೈರಪ್ಪನೂ ನಂಬಿರಲಿಲ್ಲ.

ಇಪ್ಪತ್ತೊಂದನೆಯ ದಿನ ಈಶ್ವರಮ್ಮ ಬಟ್ಟೆ ಗಂಟು ಕಟ್ಟಿದಳು. ಕರೆಯದವರ ಮನೆಗೆ ಹೇಗೆ ಹೋಗ್ತೀಯ ಅಂದ ಅಪ್ಪ. ನನ್ನ ಮನೆಗೆ ನಾನು ಹೋಗಲು ಯಾರು ಕರೀಬೇಕು ಅಂದಳು. ಅವನು ಗಂಟು ಹೊತ್ತು ಹಿಂದೆ ನಡೆದ. ಎರಡು ಬಸ್ಸು ಹಿಡಿದು ಕಾಡುಗೋಡಿಯಲ್ಲಿಳಿದರು. ದಾರಿಯುದ್ದಕ್ಕೂ ಅವನಿಗೆ ಒಂದೇ ದಿಗಿಲು: ಇವಳು ಸಂಕಟಕ್ಕೆ ಬಿದ್ದು ನಿಜ ಹೇಳಿಬಿಟ್ಟರೆ ಇವತ್ತು ಸಂಜೆಗೇ ಆ ಮಾರುವವನಿಗೆ ಕರೆ ಹೋಗುತ್ತದೆ. ಹೇಳಬೇಡ ಎಂದು ಕೇಳುವ ಮುಖ ಅವನಿಗಿರಲಿಲ್ಲ.

ಅತ್ತೆ ಸೊಣ್ಣಮ್ಮ ಹೊಸ್ತಿಲಿಗೆ ಅಡ್ಡ ನಿಂತರು. ಮಗುವಿನ ಕೊರಳು ನೋಡಿದರು. ಬರೀ ಕರಿದಾರ.

"ಬೋಳು ಕತ್ನಲ್ಲೇ ಕರ್ಕಂಬಂದೇನೇ?"

ಈಶ್ವರಮ್ಮ ಅಪ್ಪನ ಕಡೆ ನೋಡಲಿಲ್ಲ.

"ಕೊಂಬು ಕಟ್ಕಂಡ್ ಬರಕ್ಕಾಯ್ತದ ಅತ್ತೆ? ಮಾವಂಗೆ ಯಾವನೋ ಟೋಪಿ ಆಕ್ದ, ಕೂಸೇನ್ ಮಾಡ್ತು? ಇಡ್ಕಳಿ, ಕೈ ನೋಯ್ತದೆ."

ಸೊಣ್ಣಮ್ಮ ಮಗುವನ್ನು ಇಸಕೊಂಡರು. ಜಗಲಿಯ ಮೇಲಿದ್ದ ವೆಂಕಟರಮಣಪ್ಪ ಮುಖ ಆಚೆಗೆ ತಿರುಗಿಸಿಕೊಂಡೇ, ಬೀಗರಿಗೆ ಕಾಲಿಗೆ ನೀರು ಕೊಡಿ ಅಂದರು. ನೀರು ತಂದವಳು ಈಶ್ವರಮ್ಮನೇ. ಚೊಂಬು ಕೊಡುವಾಗ ಮೆಲ್ಲಗೆ, ಉಂಡ್ಕಂಡ್ ಓಗಪ್ಪ ಅಂದಳು. ಇಪ್ಪತ್ತೊಂದು ದಿನದಲ್ಲಿ ಅವಳಾಗಿ ಅವನಿಗೆ ಆಡಿದ ಮೊದಲ ಮಾತು ಅದು.