ಏಣಿ ಮುರಿಯುತ್ತಿದ್ದ ಮೇಸ್ತ್ರಿ

ಹೋದ ಭಾನುವಾರ ವಿರಾಜಪೇಟೆಯ ಹಂದಿ ಮಾಂಸದ ಅಂಗಡಿ ಮುಂದೆ ನಿಂತಿದ್ದೆ. ಹಿತ್ತಲಲ್ಲಿ ಹಂದಿಯ ಕೂದಲು ಸುಡುತ್ತಿದ್ದರು. ಗಾಳಿ ಈ ಕಡೆ ತಿರುಗಿ ಆ ವಾಸನೆ ಮೂಗಿಗೆ ಹೊಡೆದದ್ದೇ ತಡ, ಚೀಲ ಅಲ್ಲೇ ಬಿಟ್ಟು ರಸ್ತೆ ಬದಿಗೆ ಓಡಿ ವಾಂತಿ ಮಾಡಿಕೊಂಡೆ. ಅಂಗಡಿಯವನು ನಾನು ಬಸುರಿ ಅಂದುಕೊಂಡನೋ ಏನೋ, ನೀರು ತಂದುಕೊಟ್ಟ. ನನ್ನ ನರೆತ ಕೂದಲು ಅವನಿಗೆ ಕಾಣಲಿಲ್ಲವೇನೋ. ಆ ವಾಸನೆ ಬಂದರೆ ಸಾಕು, ನನಗೆ ನಮ್ಮ ಮೇಸ್ತ್ರಿ ನೆನಪಾಗುತ್ತಾರೆ…

ಆಗ ನಾವು ಹುದಿಕೇರಿ ಕಡೆಯ ಒಂದು ಕಾಫಿ ತೋಟದಲ್ಲಿ, ಕೂಲಿಯವರ ಸಾಲುಮನೆಯಲ್ಲಿ, ಅಂದರೆ ಲೈನ್ ಮನೆಯಲ್ಲಿದ್ದೆವು. ಅಪ್ಪ ತೀರಿಹೋಗಿದ್ದರು. ಅಮ್ಮ, ಅಣ್ಣ, ನಾನು ಅಷ್ಟೇ. ಪಕ್ಕದ ಮನೆ ಮೇಸ್ತ್ರಿಯದು. ಕಾಳುಮೆಣಸು ಕೊಯ್ಯುವ ಗುಂಪಿಗೆ ಅವರೇ ಯಜಮಾನ, ಅಣ್ಣ ಅವರ ಬಲಗೈ. ನಮ್ಮ ಹಾಗೆ ಅವರೂ ಕ್ರೈಸ್ತರೇ, ಆದರೆ ಹೆಸರಿಗೆ ಮಾತ್ರ. ಒಳಗೆ ಪೂಜೆ ನಡೆಯುವಾಗ ಚರ್ಚಿನ ಹೊರಗೆ ಬೀಡಿ ಸೇದುತ್ತಾ ನಿಂತಿರುತ್ತಿದ್ದರು. ಕೇಳಿದರೆ, "ನನ್ನ ಪಾಪಕ್ಕೇ ಒಂದು ಬೆಂಚು ಬೇಕು, ಒಳಗೆ ಜಾಗ ಎಲ್ಲುಂಟು?" ಎಂದು ನಗುತ್ತಿದ್ದರು.

ಅಲ್ಯೂಮಿನಿಯಂ ಏಣಿ ಹೊಸದಾಗಿ ಬಂದಿದ್ದ ಕಾಲ ಅದು. ಬಿದಿರಿನ ಏಣಿ ಹೊತ್ತರೆ ಹೆಗಲು ಮುರಿಯುತ್ತದೆ, ಇದು ಹಗುರ. ಒಂದು ಮರಕ್ಕೆ ಹಬ್ಬಿದ ಬಳ್ಳಿಯ ಮೆಣಸು ಕೊಯ್ದು ಮುಗಿದರೆ ಏಣಿಯನ್ನು ಮಲಗಿಸುವುದೇ ಬೇಡ, ನಿಂತ ಹಾಗೆಯೇ ಎತ್ತಿಕೊಂಡು ಮುಂದಿನ ಮರಕ್ಕೆ ಹೋಗಬಹುದು. ಎಲ್ಲರೂ ಹಾಗೇ ಮಾಡುತ್ತಿದ್ದರು. ಹಾಗೆ ಹೋಗುವಾಗ ಕಣ್ಣೆಲ್ಲ ಕಾಲ ಬುಡದಲ್ಲಿರುತ್ತದೆ. ತಲೆಯ ಮೇಲಿನ ಕರೆಂಟ್ ತಂತಿ ಯಾರಿಗೂ ಕಾಣುವುದಿಲ್ಲ.

ಅವತ್ತು ನಾನು ಮರದಡಿ ಉದುರಿದ ಮೆಣಸು ಹೆಕ್ಕುತ್ತಿದ್ದೆ. ಅಣ್ಣ ಒಂದು ಕಡೆ, ಮೇಸ್ತ್ರಿ ಒಂದು ಕಡೆ ಏಣಿ ಹಿಡಿದು ಹೊರಟಿದ್ದರು. ಏಣಿಯ ತುದಿ ತಂತಿಗೆ ತಗುಲಿ ಸಿಡಿಲು ಬಡಿದಂಥ ಸದ್ದಾಯಿತು. ಮೇಸ್ತ್ರಿ ಯಾರೋ ಎತ್ತಿ ಎಸೆದ ಹಾಗೆ ಕಾಫಿ ಗಿಡಗಳ ಮೇಲೆ ಹೋಗಿ ಬಿದ್ದರು. ಅಣ್ಣನನ್ನು ಏಣಿ ಬಿಡಲಿಲ್ಲ. ನಿಂತಲ್ಲೇ ಗಡಗಡ ಅದುರುತ್ತಿದ್ದ. ಅಂಗೈಯಿಂದ ಹೊಗೆ ಬಂತು, ಆಮೇಲೆ ತಲೆಗೂದಲಿಗೆ ಬೆಂಕಿ ಹತ್ತಿತು… ನಾನು ಅವನ ಕಡೆ ಓಡಿದೆ. ಕೆಲಸದ ಹೆಂಗಸೊಬ್ಬಳು ಹಿಂದಿನಿಂದ ನನ್ನ ಜಡೆ ಹಿಡಿದೆಳೆದು ನೆಲಕ್ಕೆ ಕೆಡವಿ ಮೈಮೇಲೆ ಕೂತಳು. ರಕ್ತ ಬರುವ ಹಾಗೆ ಅವಳ ಕೈ ಕಚ್ಚಿದರೂ ಬಿಡಲಿಲ್ಲ. ಬಿಟ್ಟಿದ್ದರೆ ನಾನೂ ಹೋಗುತ್ತಿದ್ದೆ.

ಮೇಸ್ತ್ರಿಯ ಎಡಗೈಯನ್ನು ಮಣಿಕಟ್ಟಿನವರೆಗೆ ಕತ್ತರಿಸಿ ತೆಗೆದರು. ಅಣ್ಣನನ್ನು ಹೂತು ಎಷ್ಟೋ ವಾರಗಳಾದ ಮೇಲೆ ಅವರು ಆಸ್ಪತ್ರೆಯಿಂದ ಬಂದರು. ಆ ಭಾನುವಾರ ಹೊರಗೆ ನಿಲ್ಲಲಿಲ್ಲ, ಒಳಗೇ ಬಂದರು. ಪೂಜೆ ಮುಗಿದ ಮೇಲೆ ಫಾದರ್ ಹತ್ತಿರ ಕೇಳಿಕೊಂಡು ಎಲ್ಲರ ಮುಂದೆ ನಿಂತರು.

"ಯೇಸು ಸ್ವಾಮಿ ನನ್ನ ರಟ್ಟೆ ಹಿಡ್ದು ಆ ಬೆಂಕಿಯಿಂದ ಎಳೆದು ಹಾಕಿದ. ಇಷ್ಟು ವರ್ಷ ಹೊರಗೇ ನಿಂತವನನ್ನ…"

ಅಮ್ಮ ಎದ್ದು ನೇರ ಹೋಗಿ ಅವರ ಕೆನ್ನೆಗೆ ಬಾರಿಸಿದಳು. "ನಿನ್ನ ಸ್ವಾಮಿಗೆ ಇನ್ನೊಂದು ಕೈ ಇರ್ಲಿಲ್ವಾ? ನನ್ನ ಮಗ ಪಕ್ಕದಲ್ಲೇ ಇದ್ನಲ್ಲ" ಎಂದು ಮತ್ತೊಂದು ಬಾರಿಸಿದಳು. ಮೇಸ್ತ್ರಿ ಮುಖ ತಿರುಗಿಸಲಿಲ್ಲ. ಸುಳ್ಳೇಕೆ ಹೇಳಲಿ, ನನಗೆ ಹೊಟ್ಟೆ ತಣ್ಣಗಾಯಿತು. ಬದುಕುಳಿದವರನ್ನು ಕಂಡರೆ ಸತ್ತವರ ಮನೆಯವರಿಗೆ ಮೈಯೆಲ್ಲ ಉರಿಯುತ್ತದೆ.

ಮತ್ತೆ ಮೆಣಸಿನ ಕೊಯ್ಲು ಹತ್ತಿರ ಬಂದಾಗ ಅವರು ಕೊಡಲಿ ಹಿಡಿದು ನಮ್ಮ ಅಂಗಳಕ್ಕೆ ಬಂದರು. "ಅಕ್ಕ, ನೀವು ಅವತ್ತು ಕೇಳಿದ್ದನ್ನೇ ನಾನೂ ದಿನಾ ಕೇಳ್ಕೊಂಡೆ. ನನ್ನನ್ನ ಉಳಿಸಿದ್ದು ನನಗೋಸ್ಕರ ಅಲ್ಲ ಅಂತ ಮಾತ್ರ ಗೊತ್ತಾಯ್ತು" ಎಂದರು. ಅಮ್ಮ ಮುಖಕ್ಕೆ ಹೊಡೆದ ಹಾಗೆ ಬಾಗಿಲು ಹಾಕಿದಳು.

ಅಲ್ಲಿಂದ ಶುರುವಾಯಿತು. ತೋಟದಿಂದ ತೋಟಕ್ಕೆ ಹೋಗಿ, ಅಲ್ಯೂಮಿನಿಯಂ ಏಣಿ ಬಿಡಿ ಎಂದು ಮೊದಲು ಕೈಮುಗಿಯುತ್ತಿದ್ದರು. ಕೇಳದಿದ್ದರೆ ಶಿಲುಬೆ ಗುರುತು ಹಾಕಿಕೊಂಡು, ಉಳಿದ ಒಂದೇ ಕೈಯಲ್ಲಿ ಕೊಡಲಿ ಎತ್ತಿ ಏಣಿಯನ್ನು ಜಜ್ಜಿಬಿಡುತ್ತಿದ್ದರು. ಆಮೇಲೆ ಒಣ ಬಿದಿರಿನದೊಂದು ಏಣಿ ಕಟ್ಟಿಸಿ ತಂದುಕೊಡುತ್ತಿದ್ದರು. ಧಣಿಗಳು ನಾಯಿ ಛೂ ಬಿಟ್ಟರು. ಪೊಲೀಸರು ಸ್ಟೇಷನ್ನಿನಲ್ಲಿ ಕೂರಿಸಿದರು. ಕುಂಟುತ್ತಾ ವಾಪಸು ಬಂದು ಗಾಯಕ್ಕೆ ಅರಿಶಿನ ಮೆತ್ತಿಕೊಂಡು ಮತ್ತೆ ಹೊರಡುತ್ತಿದ್ದರು. ಜನ ಹುಚ್ಚು ಮೇಸ್ತ್ರಿ ಎಂದರು. ನಾನೂ ಅಂದೆ.

ನಮ್ಮ ಕಡೆ ಕೊಯ್ಲಿಗೆ ಮುಂಚಿನ ಭಾನುವಾರ ಏಣಿ, ಬುಟ್ಟಿಗಳನ್ನು ಚರ್ಚಿಗೆ ತಂದು ಫಾದರ್ ಕೈಯಿಂದ ಪವಿತ್ರ ಜಲ ಚಿಮುಕಿಸಿಕೊಳ್ಳುವುದು ರೂಢಿ. ಆ ವರ್ಷ ಗೋಡೆಗೆ ಒರಗಿಸಿದ್ದ ಏಣಿಗಳೆಲ್ಲ ಬಿಸಿಲಿಗೆ ಥಳಥಳ ಹೊಳೆಯುತ್ತಿದ್ದವು, ಎಲ್ಲವೂ ಅಲ್ಯೂಮಿನಿಯಂ. ಪೂಜೆ ನಡೆಯುತ್ತಿದ್ದ ಹಾಗೇ ಹೊರಗೆ ಧಡ್ ಧಡ್ ಸದ್ದು. ಓಡಿ ಬಂದು ನೋಡಿದರೆ ಮೇಸ್ತ್ರಿ ಮಂಡಿಯೂರಿ ಒಂದೊಂದಾಗಿ ಜಜ್ಜುತ್ತಿದ್ದರು. ಗಂಡಸರು ಮುಗಿಬಿದ್ದರು. ಮುರಿದ ಏಣಿಯ ತುಂಡಿನಿಂದಲೇ ಹೊಡೆದರು, ತುಳಿದರು. ಬಾಯಿಂದ ಹಲ್ಲು ಬಿತ್ತು, ಬಿಳಿ ಅಂಗಿಯೆಲ್ಲ ಕೆಂಪಾಯಿತು. ಫಾದರ್ ಕೂಗಿದ್ದು ಯಾರಿಗೂ ಕೇಳಿಸಲಿಲ್ಲ.

"ನನ್ನನ್ನ ಹೊಡೀರಿ, ಕೊಲ್ಲಿ ಬೇಕಾದ್ರೆ. ಏಣಿ ಮಾತ್ರ ಮುಟ್ಬೇಡಿ" ಎನ್ನುತ್ತಿದ್ದರು ಮೇಸ್ತ್ರಿ.

ಅಮ್ಮ ಜನರನ್ನು ಸರಿಸಿಕೊಂಡು ನುಗ್ಗಿದಳು. ಅವಳೂ ಹೊಡೆಯುತ್ತಾಳೆ ಅಂದುಕೊಂಡೆ. ಅಮ್ಮ ನೆಲಕ್ಕೆ ಬಿದ್ದಿದ್ದ ಕೊಡಲಿ ಎತ್ತಿಕೊಂಡಳು. ಎಲ್ಲರೂ ಹಿಂದೆ ಸರಿದರು. ಗೋಡೆಗೆ ಒಂದೇ ಒಂದು ಏಣಿ ಉಳಿದಿತ್ತು. ಅದಕ್ಕೆ ಬಡಿದಳು. "ನನ್ನ ಮಗನೇ, ನನ್ನ ಮಗನೇ" ಎಂದು ಒಂದೊಂದು ಏಟಿಗೂ ಕೂಗುತ್ತಾ, ಅದು ಮಡಚಿ ಬೀಳುವ ತನಕ ಬಡಿದಳು. ಆಮೇಲೆ ಕೊಡಲಿಯನ್ನು ಮೇಸ್ತ್ರಿಯ ಮುಂದೆ ಇಟ್ಟು, "ಏಳು. ಬೇರೆ ತೋಟದಲ್ಲಿ ಇನ್ನೂ ಉಂಟು" ಎಂದಳು.

ಮುಂದಿನ ವರ್ಷಗಳಲ್ಲಿ ಬಿದಿರಿನ ಏಣಿಗಳೇ ಚರ್ಚಿಗೆ ಬಂದವು. ಮೇಸ್ತ್ರಿ ಮುಂದಿನ ಬೆಂಚಿನಲ್ಲೇ ಕೂರುತ್ತಿದ್ದರು, ಬೊಚ್ಚುಬಾಯಲ್ಲಿ ಎಲ್ಲರಿಗಿಂತ ಜೋರಾಗಿ ಹಾಡುತ್ತಿದ್ದರು, ರಾಗ ಮಾತ್ರ ದೇವರಿಗೇ ಪ್ರೀತಿ. ಕರೆಂಟು ಹೊಡೆದ ದಿನದಿಂದಲೇ ಕೆಟ್ಟಿದ್ದ ಕಿಡ್ನಿ ಕೊನೆಗೆ ಕೈಕೊಟ್ಟಿತು. ಹೋದ ಮಳೆಗಾಲದಲ್ಲಿ ಅವರನ್ನು ಅಣ್ಣನ ಪಕ್ಕದಲ್ಲೇ ಹೂತೆವು. ಅಮ್ಮ ಆಗ ಅಳಲಿಲ್ಲ.

ಈ ಸಲದ ಕೊಯ್ಲಿನಲ್ಲಿ, ನಮ್ಮ ಹಳೆಯ ತೋಟದ ಆಚೆ, ಅಸ್ಸಾಮಿನಿಂದ ಬಂದ ಕೆಲಸಗಾರನೊಬ್ಬ ಅಲ್ಯೂಮಿನಿಯಂ ಏಣಿಯನ್ನು ನಿಂತ ಹಾಗೇ ಎತ್ತಿಕೊಂಡು ಹೋಗಿ ತಂತಿಗೆ ತಗುಲಿ ಸತ್ತ. ವಿರಾಜಪೇಟೆಯಲ್ಲಿ ಕೇಳಿದ ಈ ಸುದ್ದಿಯನ್ನು ಮನೆಗೆ ಹಿಂದಿರುಗಿ ಅಮ್ಮನಿಗೆ ಹೇಳಿದೆ. ಅಕ್ಕಿ ಆರಿಸುತ್ತಿದ್ದವಳು ಮೊರ ಕೆಳಗಿಟ್ಟಳು.

"ದೇವರು ನಮ್ಮ ಮೇಸ್ತ್ರಿನ ಇನ್ನೊಂದಿಷ್ಟು ವರ್ಷ ಬಿಡ್ಬೇಕಿತ್ತು" ಎಂದಳು. ಆಮೇಲೆ ಸೆರಗು ಬಾಯಿಗೊತ್ತಿಕೊಂಡು ಮೇಸ್ತ್ರಿಗಾಗಿ ಅತ್ತಳು.