ಬ್ಯೂಗಲ್ ಹಿಡಿದಿದ್ದ ಕೈ

“ಇಲ್ಲಿ ಬೆರಳು ಮಡಗು” ಎಂದು ಹಳೆಯ ವಸ್ತುಗಳನ್ನು ಕೂಡಿಡುವ ಮಳವಳ್ಳಿಯ ಹಿರಿಯರೊಬ್ಬರು ತಮ್ಮಲ್ಲಿದ್ದ ಮಿಲಿಟರಿ ಬ್ಯೂಗಲನ್ನು ನನ್ನ ಕೈಗೆ ಕೊಟ್ಟರು. ಹಿತ್ತಾಳೆಯ ಮೇಲೆ ಬೆವರು ಹತ್ತಿ ಕಪ್ಪಾಗಿದ್ದ ಬೆರಳಿನ ಗುರುತುಗಳಿದ್ದವು. ನನ್ನ ಬೆರಳುಗಳು ಅವುಗಳ ಮೇಲೇ ಸರಿಯಾಗಿ ಕೂತವು.

“ಊದ್ತಿದ್ದ ಸಿಪಾಯಿ ಇಡ್ಕತಿದ್ದ ಜಾಗ ಕಣಯ್ಯ ಅದು.”

ನಾನು ಅವರಿಗೆ ತೋರಿಸಲೆಂದು ಒಯ್ದಿದ್ದ ಬ್ಯೂಗಲ್ ಮದ್ದೂರಿನ ಗುಜರಿ ಅಂಗಡಿಯಲ್ಲಿ ಸಿಕ್ಕಿದ್ದು. ದೇವರ ದೀಪಗಳನ್ನು ತೊಳೆಯುವಂತೆ ಹುಣಸೆಹಣ್ಣು ಹಾಕಿ ತಿಕ್ಕಿದ್ದೆ. ಫಳಫಳ ಹೊಳೆಯುತ್ತಿತ್ತು, ಒಂದು ಗುರುತೂ ಉಳಿದಿರಲಿಲ್ಲ. ಪೆಚ್ಚಾದ ನನ್ನ ಮುಖ ನೋಡಿ ಅವರು ನಕ್ಕರು.

“ನಿಂದ ಇಲ್ಲೇ ಬುಟ್ಟು ಇದ ತಕ್ಕಂಡೋಗು. ಉಜ್ಬ್ಯಾಡ, ಅಷ್ಟೆಯ.”

ಮಂಡ್ಯದ ನಮ್ಮ ಮನೆಯಲ್ಲೀಗ ಅದರ ಧೂಳನ್ನಷ್ಟೇ ಕೊಡವುತ್ತೇನೆ. ಎತ್ತಿಕೊಂಡಾಗಲೆಲ್ಲ, ಹೆಸರೇ ಗೊತ್ತಿಲ್ಲದವನೊಬ್ಬ ನನ್ನ ಕೈ ಹಿಡಿದಂತಾಗುತ್ತದೆ.